ವೃತ್ತಿಯ ಒಂಟಿತನ ಮತ್ತು ಶ್ರೋತೃವಿನ ಸೃಷ್ಟಿ: ಮುದ್ದಣನ ಬದುಕು

ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಮುದ್ದಣನಿಗೆ ದೊರೆತಿರುವ ಸ್ಥಾನ ವಿಶಿಷ್ಟವಾದುದು. ಹಳಗನ್ನಡ ಪರಂಪರೆಯ ಕೊನೆಯ ಕವಿಗಳಲ್ಲಿ ಒಬ್ಬನೆಂದೂ ಹೊಸಗನ್ನಡದ ಮುಂಗೋಳಿಯೆಂದೂ ಅವನನ್ನು ಏಕಕಾಲದಲ್ಲಿ ಗುರುತಿಸಲಾಗಿದೆ. ಅವನ ಭಾಷೆ, ಹಾಸ್ಯ, ಗದ್ಯಶೈಲಿ ಹಾಗೂ ದಾಂಪತ್ಯದ ಚಿತ್ರಣ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅವನ ವೃತ್ತಿಯ ಪ್ರಸ್ತಾಪ ಬಂದಾಗ ನಮ್ಮ ಬರಹಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತವೆ. ಶಾಲೆಯೊಂದರ ವ್ಯಾಯಾಮ ಶಿಕ್ಷಕನೊಬ್ಬ ಇಂತಹ ಕಾವ್ಯವನ್ನು ಬರೆದನೆಂಬ ಅಚ್ಚರಿಯನ್ನು ಸೂಚಿಸಿ ವಿಮರ್ಶೆ ಮುಂದೆ ಸಾಗುತ್ತದೆ. ಆ ಅಚ್ಚರಿಯ ಹಿಂದೆ ಒಂದು ಪ್ರಶ್ನೆಯಿದೆ. ತನ್ನ ಹುದ್ದೆ ಬೇಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ವಿದ್ವತ್ತನ್ನು ಹೊತ್ತವನು, ಆ ವಿದ್ವತ್ತನ್ನು ಹಂಚಿಕೊಳ್ಳುವವರೇ ವಿರಳವಾಗಿದ್ದ ಪರಿಸರದಲ್ಲಿ, ಏನು ಮಾಡಿದನು? ಮುದ್ದಣನ 31 ವರ್ಷಗಳ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ ಮತ್ತು ಶಿಕ್ಷಣ

ಮುದ್ದಣನ ನಿಜನಾಮ ಲಕ್ಷ್ಮೀನಾರಣಪ್ಪ. ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದ ಸೀಮೆಗೆ ಸೇರಿದ ನಂದಳಿಕೆಯಲ್ಲಿ 1870ರ ಜನವರಿ 24ರಂದು ಅವನ ಜನನವಾಯಿತು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಬಡತನದ ಮನೆ. ಮುದ್ದಣ ಎಂಬುದು ಬಾಲ್ಯದಲ್ಲಿ ಮನೆಯವರು ಪ್ರೀತಿಯಿಂದ ಕರೆಯುತ್ತಿದ್ದ ಹೆಸರು. ಮುಂದೆ ಸಾಹಿತ್ಯಲೋಕದಲ್ಲಿ ಉಳಿದದ್ದು ಶಾಲೆಯ ದಾಖಲೆಯ ಹೆಸರಲ್ಲ, ಈ ಮನೆಯ ಹೆಸರೇ ಎಂಬುದು ಗಮನಾರ್ಹ.

ಅವನು ಹುಟ್ಟಿದ ಕಾಲದಲ್ಲಿ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ ಒಂದು ಜಿಲ್ಲೆಯಾಗಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಕರಾವಳಿಯ ಕನ್ನಡ ಪ್ರದೇಶವೇ ಎರಡು ಆಡಳಿತಗಳ ಪಾಲಾಗಿತ್ತು. ಘಟ್ಟದ ಮೇಲಿನ ಮೈಸೂರು ಬೇರೆಯೇ ಸಂಸ್ಥಾನ. ನಂದಳಿಕೆಯ ಸುತ್ತಿನ ಜನರ ಆಡುಮಾತು ಪ್ರಧಾನವಾಗಿ ತುಳು. ಶಾಲೆಯ, ಯಕ್ಷಗಾನದ ಮತ್ತು ಬರಹದ ಭಾಷೆ ಕನ್ನಡ. ಮಠಮಂದಿರಗಳ ವಿದ್ಯೆಯ ಭಾಷೆ ಸಂಸ್ಕೃತ. ಅಧಿಕಾರದ ಮತ್ತು ಉದ್ಯೋಗದ ಭಾಷೆ ಇಂಗ್ಲಿಷ್. ಈ ನಾಲ್ಕು ಭಾಷೆಗಳ ನಡುವೆ ಬೆಳೆದ ಹುಡುಗನಿಗೆ ಐದನೆಯದಾಗಿ ಒಲಿದದ್ದು ಯಾರ ನಾಲಗೆಯ ಮೇಲೂ ಇಲ್ಲದಿದ್ದ ಹಳಗನ್ನಡ. ಅವನ ಒಂಟಿತನದ ಮೊದಲ ಬೀಜ ಇಲ್ಲಿಯೇ ಇದೆ ಎನ್ನಬಹುದು. ಸುತ್ತಲಿನವರು ಆಡದ ಭಾಷೆಯಲ್ಲಿ ಪಾಂಡಿತ್ಯ ಗಳಿಸುವುದೆಂದರೆ ಸುತ್ತಲಿನವರಿಂದ ಒಂದಿಷ್ಟು ದೂರ ಸರಿಯುವುದೇ ಆಗಿದೆ.

ನಂದಳಿಕೆಯ ಪ್ರಾಥಮಿಕ ವಿದ್ಯಾಭ್ಯಾಸದ ಅನಂತರ ಮುದ್ದಣ ಉಡುಪಿಗೆ ಬಂದನು. ಬಡತನದ ಕಾರಣದಿಂದ ಇಂಗ್ಲಿಷ್ ಶಿಕ್ಷಣವನ್ನು ಪೂರೈಸುವುದು ಅವನಿಗೆ ಸಾಧ್ಯವಾಗಲಿಲ್ಲ. ಈ ಒಂದು ಸಂಗತಿ ಅವನ ಮುಂದಿನ ಬದುಕಿನ ದಿಕ್ಕನ್ನು ನಿರ್ಧರಿಸಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ವಸಾಹತು ಶಿಕ್ಷಣ ವ್ಯವಸ್ಥೆ ವಿದ್ಯೆಯನ್ನು ಅಳೆಯುತ್ತಿದ್ದುದು ಪರೀಕ್ಷೆಗಳ ಮೂಲಕ. ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆ ಸರ್ಕಾರಿ ಉದ್ಯೋಗಕ್ಕೂ ಉನ್ನತ ವ್ಯಾಸಂಗಕ್ಕೂ ಹೆಬ್ಬಾಗಿಲಾಗಿತ್ತು. ಆ ಬಾಗಿಲನ್ನು ದಾಟದವನು ಎಷ್ಟೇ ಕಾವ್ಯ, ವ್ಯಾಕರಣ, ಛಂದಸ್ಸುಗಳನ್ನು ಬಲ್ಲವನಾಗಿದ್ದರೂ ವ್ಯವಸ್ಥೆಯ ಕಣ್ಣಿನಲ್ಲಿ ಅರ್ಧ ಕಲಿತವನೇ. ಆದ್ದರಿಂದ ಮುದ್ದಣನನ್ನು ತನ್ನ ಹುದ್ದೆಗೆ ಮೀರಿದ ಅರ್ಹತೆಯುಳ್ಳವನೆಂದು ಇಂದು ಕರೆಯುವಾಗ ಒಂದು ವಿರೋಧಾಭಾಸವನ್ನು ನೆನಪಿಡಬೇಕಾಗುತ್ತದೆ. ವಿದ್ವತ್ತಿನಲ್ಲಿ ಅವನು ಹುದ್ದೆಯನ್ನು ಮೀರಿದ್ದನು. ಕಾಗದದ ಮೇಲೆ ಅವನು ಆ ಹುದ್ದೆಗಿಂತ ಹೆಚ್ಚಿನದಕ್ಕೆ ಅನರ್ಹನಾಗಿದ್ದನು. ಅವನ ಅರ್ಹತೆಗೆ ಪ್ರಮಾಣಪತ್ರವಿರಲಿಲ್ಲ, ಇದ್ದ ಪ್ರಮಾಣಪತ್ರ ಅವನ ಅರ್ಹತೆಯದಾಗಿರಲಿಲ್ಲ.

ವ್ಯಾಯಾಮ ಶಿಕ್ಷಕ

ಆ ಪ್ರಮಾಣಪತ್ರ ಅಂಗಸಾಧನೆಯದು. ಮುದ್ದಣ ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿಯನ್ನು ಪಡೆದು ಬಂದನು. ಶಾಲೆಗಳಲ್ಲಿ ಕವಾಯತು ಮತ್ತು ಅಂಗಸಾಧನೆಗಳಿಗೆ ಆ ಕಾಲದಲ್ಲಿ ಪ್ರೋತ್ಸಾಹ ದೊರೆಯುತ್ತಿತ್ತು. ಪದವಿಯಿಲ್ಲದ ಬಡ ಯುವಕನಿಗೆ ಶಾಲೆಯ ಒಳಗೆ ಪ್ರವೇಶ ದೊರಕಿಸಿಕೊಡಬಲ್ಲ ದಾರಿಗಳಲ್ಲಿ ಅದೂ ಒಂದಾಗಿತ್ತು. ಮುದ್ದಣನ ಆಯ್ಕೆಯ ಹಿಂದೆ ದೇಹದಾರ್ಢ್ಯದ ಒಲವಿಗಿಂತ ಹೊಟ್ಟೆಪಾಡಿನ ಒತ್ತಡ ಪ್ರಬಲವಾಗಿತ್ತೆಂದು ಊಹಿಸಲು ಅವನ ಮನೆಯ ಸ್ಥಿತಿಯೇ ಆಧಾರ ಒದಗಿಸುತ್ತದೆ. ಅಲ್ಲಿಂದ ಮುಂದೆ ಉಡುಪಿ ಮತ್ತು ಕುಂದಾಪುರಗಳ ಶಾಲೆಗಳಲ್ಲಿ ಅವನು ದುಡಿದನು. ಬದುಕಿನ ಕೊನೆಯವರೆಗೂ ಶಾಲೆಯ ಅಲ್ಪವೇತನವೇ ಅವನ ಜೀವನಾಧಾರವಾಗಿತ್ತು.

ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕನ ಸ್ಥಾನ ಅಂದು ಹೇಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಇಂಗ್ಲಿಷ್ ಪದವೀಧರರದು ಮೊದಲ ಪಂಕ್ತಿ. ದೇಶಭಾಷೆಯ ಮತ್ತು ಸಂಸ್ಕೃತದ ಪಂಡಿತರದು ಅದಕ್ಕಿಂತ ಕೆಳಗಿನ ಪಂಕ್ತಿ; ಅವರ ವೇತನವೂ ಕಡಿಮೆ, ಗೌರವವೂ ಕಡಿಮೆ. ಪಾಠದ ಕೊಠಡಿಯ ಹೊರಗೆ, ಬಿಸಿಲಿನಲ್ಲಿ ನಿಂತು ಹುಡುಗರನ್ನು ಸಾಲುಗಟ್ಟಿಸುವ ಶಿಕ್ಷಕನ ಪಂಕ್ತಿ ಅದಕ್ಕಿಂತಲೂ ಕೆಳಗೆ. ಕನ್ನಡ ಪಂಡಿತನ ಹುದ್ದೆಯೇ ಕೈಗೆ ಬಂದರೂ ಈ ಶ್ರೇಣಿಯಲ್ಲಿ ಅವನು ಒಂದು ಮೆಟ್ಟಿಲು ಮಾತ್ರ ಏರಬಹುದಾಗಿತ್ತು.

ಇಲ್ಲಿ ವೇತನ ಮತ್ತು ಅಂತಸ್ತುಗಳಿಗಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ವ್ಯಾಯಾಮ ಶಿಕ್ಷಣವು ಸ್ವಭಾವತಃ ಆಜ್ಞೆಯ ಕಲೆ. ಶಿಕ್ಷಕನು ಒಂದು ಪದವನ್ನು ನುಡಿಯುತ್ತಾನೆ, ವಿದ್ಯಾರ್ಥಿಗಳ ದೇಹಗಳು ಅದಕ್ಕೆ ಒಟ್ಟಾಗಿ ಓಗೊಡುತ್ತವೆ. ಅಲ್ಲಿ ಪ್ರಶ್ನೆಗೆ ಅವಕಾಶವಿಲ್ಲ, ಪ್ರತ್ಯುತ್ತರಕ್ಕೆ ಅವಕಾಶವಿಲ್ಲ, ಮಾತಿನ ರುಚಿಗೆ ಬೆಲೆಯಿಲ್ಲ. ಸಾಹಿತ್ಯವನ್ನು ಪಾಠ ಹೇಳುವ ಉಪಾಧ್ಯಾಯನಿಗೆ ಕನಿಷ್ಠ ಒಬ್ಬ ಹುಡುಗನಾದರೂ ಅರ್ಥ ಕೇಳುತ್ತಾನೆ. ಆ ಭಾಗ್ಯವೂ ಅಂಗಳದ ಶಿಕ್ಷಕನಿಗೆ ಇಲ್ಲ. ಮಾತಿನಲ್ಲಿ ಅಸಾಧಾರಣವಾದ ಪ್ರಭುತ್ವವುಳ್ಳ ಒಬ್ಬ ವ್ಯಕ್ತಿಗೆ ಮಾತು ಅತ್ಯಂತ ಕಡಿಮೆ ಬೇಕಾಗುವ ಕೆಲಸವೇ ಒದಗಿಬಂದಿತು. ಮುದ್ದಣನ ವೃತ್ತಿಯ ಒಂಟಿತನವನ್ನು ಕುರಿತು ಮಾತನಾಡುವಾಗ ಈ ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕಾಗಿದೆ.

ಆದರೂ ಆ ವೃತ್ತಿಯನ್ನು ಕೇವಲ ದುರಂತವೆಂದು ಚಿತ್ರಿಸುವುದು ಸರಿಯಾಗಲಾರದು. ಅದು ಅವನನ್ನು ಮದರಾಸಿನಂತಹ ಅಚ್ಚಿನ ಮನೆಗಳ ನಗರಕ್ಕೆ ಒಯ್ದಿತು. ಉಡುಪಿಯಂತಹ ವಿದ್ಯಾಕೇಂದ್ರದಲ್ಲಿ ನೆಲೆಗೊಳಿಸಿತು. ಓದುವ ಬರೆಯುವ ಜನರ ಸಮೀಪದಲ್ಲಿರಿಸಿತು. ಮನಸ್ಸನ್ನು ಪೂರ್ತಿಯಾಗಿ ಬೇಡದ ಕೆಲಸವಾದುದರಿಂದ ಆ ಮನಸ್ಸು ಕಾವ್ಯಕ್ಕೆ ಮೀಸಲಾಗಿ ಉಳಿಯಿತೆಂದೂ ಹೇಳಬಹುದು.

ಓದು, ಯಕ್ಷಗಾನ ಮತ್ತು ಒಬ್ಬ ಗೆಳೆಯ

ಮುದ್ದಣನ ವಿದ್ಯೆ ಬಹುಮಟ್ಟಿಗೆ ಸ್ವಯಾರ್ಜಿತವಾದುದು. ಅದಕ್ಕೆ ಕಾಲವೂ ಅನುಕೂಲವಾಗಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ದಶಕಗಳಿಂದ ಕೆಲಸ ಮಾಡುತ್ತಿತ್ತು. ಕಿಟ್ಟೆಲರು ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ' 1872ರಲ್ಲಿಯೇ ಪ್ರಕಟವಾಗಿತ್ತು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಬಿ.ಎಲ್. ರೈಸರ ಶ್ರಮದಿಂದ ಪ್ರಾಚೀನ ಕಾವ್ಯಗಳು ಒಂದೊಂದಾಗಿ ಅಚ್ಚಿನ ರೂಪವನ್ನು ಪಡೆಯುತ್ತಿದ್ದವು. 'ಪಂಪಭಾರತ'ವೂ 'ಕವಿರಾಜಮಾರ್ಗ'ವೂ 1898ರಲ್ಲಿ ಬೆಳಕು ಕಂಡವು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಅಂದರೆ, ಹಳಗನ್ನಡವು ತಾಳೆಗರಿಯಿಂದ ಕಾಗದಕ್ಕೆ ಇಳಿಯುತ್ತಿದ್ದ ಹೊತ್ತಿನಲ್ಲಿ ಮುದ್ದಣನ ತಾರುಣ್ಯ ಕಳೆಯಿತು. ಶಾಲೆ ಕಲಿಸದುದನ್ನು ಅಚ್ಚಿನ ಪುಸ್ತಕವೂ ಹಸ್ತಪ್ರತಿಯೂ ಅವನಿಗೆ ಕಲಿಸಿದವು.

ಇನ್ನೊಂದು ವಿದ್ಯಾಲಯ ಯಕ್ಷಗಾನದ ರಂಗ. ಕರಾವಳಿಯ ರಾತ್ರಿಗಳಲ್ಲಿ ಬೆಳಗಾಗುವವರೆಗೆ ನಡೆಯುವ ಆಟ, ಭಾಗವತನ ಹಾಡು, ವೇಷಧಾರಿಗಳ ಆಶುಸಂಭಾಷಣೆ ಅವನಿಗೆ ಕಥನ ಮತ್ತು ಸಂವಾದಗಳ ಪಾಠವನ್ನು ನೀಡಿದವು. 'ರತ್ನಾವತೀ ಕಲ್ಯಾಣ' ಮತ್ತು 'ಕುಮಾರ ವಿಜಯ' ಎಂಬ ಅವನ ಎರಡು ಪ್ರಸಂಗಗಳು ಈ ಸಂಸ್ಕಾರದ ಫಲಗಳು. ಯಕ್ಷಗಾನದಲ್ಲಿ ಕವಿ ಬರೆಯುವುದು ಹಾಡನ್ನು ಮಾತ್ರ; ಮಾತನ್ನು ಕಲಾವಿದರು ರಂಗದ ಮೇಲೆ ಹುಟ್ಟಿಸುತ್ತಾರೆ. ಒಬ್ಬನ ಮಾತಿಗೆ ಇನ್ನೊಬ್ಬ ಕೊಡುವ ಉತ್ತರದಿಂದ ಅರ್ಥ ಬೆಳೆಯುತ್ತದೆ. ಮುಂದೆ ಮುದ್ದಣನ ಗದ್ಯದಲ್ಲಿ ಕಾಣಿಸಿಕೊಳ್ಳುವ ಸಂವಾದದ ಚುರುಕು, ಮಾತಿಗೆ ಮಾತು ಜೋಡಿಸುವ ಹುರುಪು ಈ ರಂಗದ ಕೊಡುಗೆಯೆಂದು ಭಾವಿಸಲು ಸಾಕಷ್ಟು ಕಾರಣಗಳಿವೆ.

ಈ ಏಕಾಂತದಲ್ಲಿ ಅವನಿಗೆ ಸಂಗಾತಿಗಳೇ ಇರಲಿಲ್ಲವೆಂದಲ್ಲ. ಉಡುಪಿಯಲ್ಲಿ ಮಳಲಿ ಸುಬ್ಬರಾಯರ ಸ್ನೇಹ ಅವನಿಗೆ ದೊರೆಯಿತು. ಅವರ ಗ್ರಂಥಸಂಗ್ರಹವೂ ಪ್ರೋತ್ಸಾಹವೂ ಮುದ್ದಣನ ಓದಿಗೆ ಒದಗಿದವು. ಪದವಿಯ ಶ್ರೇಣಿಯನ್ನು ಬದಿಗಿಟ್ಟು ವಿದ್ವತ್ತನ್ನು ಗುರುತಿಸಬಲ್ಲ ಒಬ್ಬ ಓದುಗ ಸಮೀಪದಲ್ಲಿ ಇದ್ದುದು ಸಣ್ಣ ಸಂಗತಿಯಲ್ಲ. ಒಬ್ಬಂಟಿ ಲೇಖಕರನೇಕರ ಬದುಕಿನಲ್ಲಿ ಇಂತಹ ಒಬ್ಬ ಗೆಳೆಯನಿರುವುದುಂಟು; ಆ ಒಬ್ಬನಿದ್ದುದರಿಂದಲೇ ಬರಹ ನಿಲ್ಲದೆ ಸಾಗಿರುತ್ತದೆ.

ಹೆಸರಿನ ಮರೆ

ಮುದ್ದಣನ ಸಾಹಿತ್ಯಜೀವನದ ಅತ್ಯಂತ ಕುತೂಹಲಕಾರಿ ಅಂಶ ಅವನು ತನ್ನ ಕರ್ತೃತ್ವವನ್ನು ಮರೆಸಿಕೊಂಡ ಬಗೆ. 1890ರ ದಶಕದಲ್ಲಿ ಮೈಸೂರಿನಲ್ಲಿ ಎಸ್.ಜಿ. ನರಸಿಂಹಾಚಾರ್ ಮತ್ತು ಎಂ.ಎ. ರಾಮಾನುಜಯ್ಯಂಗಾರ್ ಅವರು ಪ್ರಾಚೀನ ಕಾವ್ಯಗಳ ಪ್ರಕಟಣೆಗಾಗಿ 'ಕರ್ನಾಟಕ ಕಾವ್ಯಮಂಜರಿ'ಯನ್ನು ನಡೆಸುತ್ತಿದ್ದರು. ಮುದ್ದಣನ 'ಅದ್ಭುತ ರಾಮಾಯಣ' 1895ರಲ್ಲಿಯೂ 'ಶ್ರೀರಾಮ ಪಟ್ಟಾಭಿಷೇಕ' 1896ರಲ್ಲಿಯೂ ಮೈಸೂರಿನಿಂದ ಬೆಳಕಿಗೆ ಬಂದವು. ಮೊದಲನೆಯದು ಸಹಸ್ರಕಂಠ ರಾವಣನನ್ನು ಸೀತೆ ಸಂಹರಿಸುವ ಕಥೆಯುಳ್ಳ ಗದ್ಯಕೃತಿ. ಎರಡನೆಯದು ಲಕ್ಷ್ಮೀಶನಿಂದ ಪ್ರಸಿದ್ಧವಾದ ವಾರ್ಧಕ ಷಟ್ಪದಿಯಲ್ಲಿದೆ. ಇವು ತನ್ನ ಸ್ವಂತ ರಚನೆಗಳೆಂದು ಲಕ್ಷ್ಮೀನಾರಣಪ್ಪ ಹೇಳಿಕೊಳ್ಳಲಿಲ್ಲ. ಹಳೆಯ ಕಾವ್ಯಗಳೆಂಬ ಭಾವನೆಯೇ ಓದುಗರಲ್ಲಿ ಉಳಿಯಿತು. ಶತಮಾನ ತಿರುಗುವ ಹೊತ್ತಿಗೆ ಸಿದ್ಧವಾದ 'ಶ್ರೀರಾಮಾಶ್ವಮೇಧ'ದ ಕರ್ತೃವೂ ಮುದ್ದಣನೆಂಬ ಹೆಸರಿನ ಮರೆಯಲ್ಲಿಯೇ ನಿಂತನು. ಆ ಮುದ್ದಣ ಉಡುಪಿಯ ಶಿಕ್ಷಕನೇ ಎಂಬುದು ಎಲ್ಲರಿಗೂ ತಿಳಿದದ್ದು ಅವನ ಮರಣದ ಅನಂತರ.

ಈ ಮರೆಮಾಚುವಿಕೆಯನ್ನು ಸಾಮಾನ್ಯವಾಗಿ ಕವಿಯ ವಿನಯದ ಅಥವಾ ಸಂಕೋಚದ ಲಕ್ಷಣವೆಂದು ವಿವರಿಸಲಾಗುತ್ತದೆ. ಅದು ಪೂರ್ಣ ವಿವರಣೆಯಾಗಲಾರದು. ಮೇಲೆ ಹೇಳಿದ ಪ್ರಕಟಣೆಗಳ ಕಾಲದ ಅಭಿರುಚಿಯನ್ನು ಗಮನಿಸಿದರೆ, ಪ್ರಾಚೀನತೆಯೇ ಅಂದು ಕಾವ್ಯದ ಬಹುದೊಡ್ಡ ಪ್ರಮಾಣಪತ್ರವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಸಂಪಾದಕರು ಓಲೆಗರಿಗಳನ್ನು ಅರಸುತ್ತಿದ್ದರು. ಓದುಗರು ಹಿಂದಿನ ಕವಿಗಳನ್ನು ಕಾಯುತ್ತಿದ್ದರು. ಪದವಿಯಿಲ್ಲದ, ಮೈಸೂರಿನವನಲ್ಲದ, ಇಪ್ಪತ್ತೈದರ ಹರೆಯದ ವ್ಯಾಯಾಮ ಶಿಕ್ಷಕನೊಬ್ಬ ಹಳಗನ್ನಡದಲ್ಲಿ ಹೊಸ ಕಾವ್ಯ ಬರೆದು ಕಳುಹಿಸಿದ್ದರೆ ಅದು ಯಾವ ಪುಟದಲ್ಲಿ ನಿಲ್ಲುತ್ತಿತ್ತು? ಶಾಲೆಯಲ್ಲಿ ಅವನ ವಿದ್ವತ್ತನ್ನು ಹುದ್ದೆಯ ಹೆಸರು ಮುಚ್ಚಿಹಾಕಿತ್ತು. ಸಾಹಿತ್ಯದಲ್ಲಿ ಅವನು ತನ್ನ ಹೆಸರನ್ನೇ ಮುಚ್ಚಿ ವಿದ್ವತ್ತನ್ನು ಮುಂದಿಟ್ಟನು. ಕೃತಿಯನ್ನು ಅದರ ಗುಣದಿಂದ ಮಾತ್ರ ಅಳೆಯಬೇಕಾದ ಪರಿಸ್ಥಿತಿಯನ್ನು ಹೀಗೆ ನಿರ್ಮಿಸಿದನು. ಈ ಪರೀಕ್ಷೆಯಲ್ಲಿ ಅವನು ಉತ್ತೀರ್ಣನಾದನು. ಆದರೆ ಉತ್ತೀರ್ಣನಾದವನ ಹೆಸರು ಫಲಿತಾಂಶದ ಪಟ್ಟಿಯಲ್ಲಿರಲಿಲ್ಲ.

ಭೌಗೋಳಿಕವಾದ ದೂರವೂ ಇದಕ್ಕೆ ನೆರವಾಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮುದ್ದಣನ ಮರಣದ ಆರು ವರ್ಷಗಳ ಬಳಿಕ. ಅವನ ಕಾಲದಲ್ಲಿ ಉಡುಪಿಗೂ ಮೈಸೂರಿಗೂ ನಡುವೆ ಘಟ್ಟದ ದಾರಿ, ಬೇರೆ ಆಡಳಿತ, ದಿನಗಟ್ಟಲೆಯ ಪ್ರಯಾಣ. ಎರಡನ್ನೂ ಬೆಸೆದದ್ದು ಅಂಚೆ. ಅವನ ನಿಜವಾದ ಓದುಗರು ಅವನ ಮುಖ ಕಾಣದವರು. ಅವನ ಮುಖ ದಿನವೂ ಕಾಣುತ್ತಿದ್ದವರಲ್ಲಿ ಬಹುಪಾಲಿನವರು ಅವನ ಕಾವ್ಯದ ಓದುಗರಲ್ಲ. ಒಂಟಿತನದ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಮನೋರಮೆಯೆಂಬ ಶ್ರೋತೃ

ಹೆಸರನ್ನು ಮರೆಸಿಕೊಂಡದ್ದು ಮತ್ತು ಹಳೆಯ ಭಾಷೆಯೊಳಗೆ ಸೇರಿಕೊಂಡದ್ದು ಒಂದು ದೃಷ್ಟಿಯಿಂದ ಹಿಂದೆ ಸರಿಯುವ ಕ್ರಮಗಳೇ. ಅವನು ಅಲ್ಲಿಗೇ ನಿಂತಿದ್ದರೆ ನಿಪುಣನಾದ ಅನುಕರಣಕಾರನೆಂದು ಮಾತ್ರ ಉಳಿಯುತ್ತಿದ್ದನು. ಅವನನ್ನು ಉಳಿಸಿದ್ದು ಮೂರನೆಯ ಕ್ರಮ. 'ಶ್ರೀರಾಮಾಶ್ವಮೇಧ'ದಲ್ಲಿ ಅವನು ಒಬ್ಬ ಕೇಳುಗಳನ್ನು ಸೃಷ್ಟಿಸಿದನು.

ಕೃತಿಯ ಕಥಾವಸ್ತು ಪದ್ಮಪುರಾಣದ ಶೇಷ–ವಾತ್ಸ್ಯಾಯನ ಸಂವಾದದಿಂದ ಬಂದುದು. ರಾಮನ ಯಾಗದ ಕುದುರೆ, ಅದರ ಬೆಂಗಾವಲಿಗೆ ನಡೆದ ಶತ್ರುಘ್ನ, ದಾರಿಯಲ್ಲಿ ಒದಗುವ ಕಾಳಗಗಳು, ಕುಶಲವರ ಪ್ರಸಂಗ, ಇವೆಲ್ಲವೂ ಪರಂಪರೆಯಿಂದ ದೊರೆತ ಸಾಮಗ್ರಿ. ಕವಿ ಹೊಸದಾಗಿ ಸೇರಿಸಿದ್ದು ಅದರ ಹೊರಗಿನ ಚೌಕಟ್ಟನ್ನು. ಮಳೆಗಾಲದ ಒಂದು ದಿನ ಮುದ್ದಣನೆಂಬ ಕವಿ ಅರಮನೆಯಿಂದ ಮನೆಗೆ ಮರಳುತ್ತಾನೆ. ಮಡದಿ ಮನೋರಮೆ ಅವನನ್ನು ಉಪಚರಿಸಿ, ಬೇಸರ ಕಳೆಯಲು ಕಥೆಯೊಂದನ್ನು ಹೇಳೆಂದು ಕೇಳುತ್ತಾಳೆ. ಯಾವ ಕಥೆ, ಯಾವ ರಸ, ಗದ್ಯವೋ ಪದ್ಯವೋ, ಸಂಸ್ಕೃತಭೂಯಿಷ್ಠವಾಗಿಯೋ ತಿಳಿಗನ್ನಡದಲ್ಲಿಯೋ ಎಂಬುದೆಲ್ಲ ಅವರಿಬ್ಬರ ನಡುವೆ ಚರ್ಚೆಯಾಗಿ ತೀರ್ಮಾನವಾಗುತ್ತದೆ. ತೀರ್ಮಾನ ಬಹುಪಾಲು ಅವಳದೇ. ಸಂಸ್ಕೃತ ಸಮಾಸಗಳನ್ನು ಅವನು ಹರಿಯಬಿಟ್ಟಾಗ ಅವಳು ತಡೆಯುತ್ತಾಳೆ; ಪದ್ಯವನ್ನು ಒಲ್ಲದೆ ಗದ್ಯವನ್ನು ಬೇಡುತ್ತಾಳೆ. ಕಥೆಗೆ ಪ್ರತಿಫಲವಾಗಿ ತನ್ನನ್ನೇ ಕೊಡುವೆನೆಂದು ಅವಳು ಹೇಳಿದಾಗ, ಅದು ಮದುವೆಯಲ್ಲಿಯೇ ತನ್ನ ಸ್ವತ್ತಾಗಿದೆಯೆಂದು ಅವನು ನಗೆಯಾಡುತ್ತಾನೆ. ಈ ಸಲ್ಲಾಪ ಕನ್ನಡ ಓದುಗರೆಲ್ಲರಿಗೂ ಪರಿಚಿತ.

ಇದನ್ನು ರಸಿಕ ದಾಂಪತ್ಯದ ಚಿತ್ರವೆಂದು ಸವಿಯುವುದು ಸಹಜ. ಕವಿಯ ಪತ್ನಿ ಕಮಲೆಯೇ ಮನೋರಮೆಯೆಂದು ಸಮೀಕರಿಸುವ ಓದೂ ರೂಢಿಯಲ್ಲಿದೆ. ಆದರೆ ಮನೋರಮೆ ಕೃತಿಯಲ್ಲಿ ನಿರ್ವಹಿಸುವ ಕೆಲಸವನ್ನು ನೋಡಿದರೆ ಅವಳು ಮಡದಿಗಿಂತ ಹೆಚ್ಚಾಗಿ ವಿಮರ್ಶಕಿ. ಕವಿಯ ಶೈಲಿಯನ್ನು ತಿದ್ದುವವಳು, ಕಥೆಯ ನಡುವೆ ಪ್ರಶ್ನೆ ಕೇಳುವವಳು, ಕವಿಯ ಪಾಂಡಿತ್ಯ ಪ್ರದರ್ಶನಕ್ಕೆ ಮಣಿಯದವಳು ಅವಳು. ಹಳೆಯ ಕಾವ್ಯಗಳಲ್ಲಿಯೂ ಕೇಳುವವರಿದ್ದಾರೆ, ಜನಮೇಜಯನಿದ್ದಾನೆ, ಶ್ರೇಣಿಕನಿದ್ದಾನೆ. ಆದರೆ ಅವರು ಕಥೆಯನ್ನು ಆರಂಭಿಸಿಕೊಡುವ ನಿಮಿತ್ತಗಳು ಮಾತ್ರ. ಕಥೆ ಹೇಳುವವನ ಭಾಷೆಯನ್ನೇ ಬದಲಾಯಿಸುವ ಅಧಿಕಾರ ಅವರಿಗಿಲ್ಲ. ಆ ಅಧಿಕಾರವನ್ನು ಕನ್ನಡ ಕಾವ್ಯದಲ್ಲಿ ಇಷ್ಟು ಪೂರ್ಣವಾಗಿ ಪಡೆದವಳು ಮನೋರಮೆ.

ಕವಿಯ ವೃತ್ತಿಯ ಹಿನ್ನೆಲೆಯಲ್ಲಿ ಇದಕ್ಕೆ ಇನ್ನೊಂದು ಅರ್ಥ ಹೊಳೆಯುತ್ತದೆ. ಶಾಲೆಯ ಅಂಗಳದಲ್ಲಿ ಆಜ್ಞೆ ಮಾಡುವವನು ಶಿಕ್ಷಕ, ಮೌನವಾಗಿ ಪಾಲಿಸುವವರು ವಿದ್ಯಾರ್ಥಿಗಳು. ಕೃತಿಯಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಇಲ್ಲಿ ಆಜ್ಞಾಪಿಸುವವಳು ಕೇಳುವವಳು, ಪಾಲಿಸುವವನು ಹೇಳುವವನು. ಅಲ್ಲಿ ಪ್ರತ್ಯುತ್ತರವಿಲ್ಲ, ಇಲ್ಲಿ ಪ್ರತ್ಯುತ್ತರವೇ ಕೃತಿಯ ಜೀವ. ಹಾಗೆಯೇ ಕೃತಿಯೊಳಗಿನ ಮುದ್ದಣನಿಗೆ ಅರಮನೆಯ ಆಶ್ರಯವಿದೆ, ಕೃತಿಯ ಹೊರಗಿನ ಲಕ್ಷ್ಮೀನಾರಣಪ್ಪನಿಗೆ ಇದ್ದುದು ಶಾಲೆಯ ಹಾಜರಿ. ಅರಮನೆಯನ್ನು ಕಲ್ಪಿಸಿಕೊಂಡದ್ದು ಬಡವನ ಕನಸೆಂದು ಹೇಳಿ ಮುಗಿಸಬಹುದು. ಆದರೆ ಆ ಕವಿ ಅರಮನೆಯಲ್ಲಿ ಕಥೆ ಹೇಳುವುದಿಲ್ಲ, ಅದನ್ನು ಬಿಟ್ಟು ಬಂದು ಮನೆಯಲ್ಲಿ ಹೇಳುತ್ತಾನೆ. ಅಧಿಕಾರದ ಮನ್ನಣೆಗಿಂತ ಒಬ್ಬ ರಸಜ್ಞ ಕೇಳುಗಳ ಮನ್ನಣೆ ಹೆಚ್ಚಿನದೆಂಬ ತೀರ್ಪು ಈ ವಿನ್ಯಾಸದಲ್ಲಿಯೇ ಅಡಗಿದೆ.

ಶೈಲಿಯ ಮೇಲೆ ಇದರ ಪರಿಣಾಮ ದೂರಗಾಮಿಯಾದುದು. ಹಳಗನ್ನಡ ಗದ್ಯದ ಮಾದರಿಗಳು ಮುದ್ದಣನ ಕಾಲಕ್ಕೆ ಹೇರಳವಾಗಿ ಅಚ್ಚಾಗಿರಲಿಲ್ಲ. 'ವಡ್ಡಾರಾಧನೆ'ಯ ಡಿ.ಎಲ್. ನರಸಿಂಹಾಚಾರ್ಯರ ಆವೃತ್ತಿ ಬಂದದ್ದು 1949ರಲ್ಲಿ. ಸಮೀಪದ ಪೂರ್ವಿಕನೆಂದರೆ 1823ರ 'ಮುದ್ರಾಮಂಜೂಷ'ದ ಕೆಂಪುನಾರಾಯಣ. ಅಂತಹ ಸ್ಥಿತಿಯಲ್ಲಿ ಹಳಗನ್ನಡದ ವ್ಯಾಕರಣವನ್ನು ಉಳಿಸಿಕೊಂಡು, ಆಡುಮಾತಿನ ಲಯ ಮತ್ತು ಗಾದೆಯ ಬಿಸುಪುಗಳನ್ನು ಅದರೊಳಗೆ ಹರಿಸುವ ಗದ್ಯವೊಂದನ್ನು ಅವನು ಕಟ್ಟಿದನು. ಪಂಡಿತರಿಗಾಗಿ ಮಾತ್ರ ಬರೆದಿದ್ದರೆ ಈ ಗದ್ಯ ಹುಟ್ಟುತ್ತಿರಲಿಲ್ಲ. ಎದುರಿಗೆ ಕುಳಿತು ತಿಳಿಯಲಿಲ್ಲವೆಂದು ಹೇಳುವ ಧೈರ್ಯವುಳ್ಳ ಒಬ್ಬಳಿಗಾಗಿ ಬರೆದುದರಿಂದ ಹುಟ್ಟಿತು. ವಿದ್ವತ್ತನ್ನು ಒಂಟಿಯಾಗಿ ಹೊತ್ತವರಿಗೆ ಅದನ್ನು ಭಾರವಾಗಿ ಪ್ರದರ್ಶಿಸುವ ಪ್ರಲೋಭನೆ ಸದಾ ಇರುತ್ತದೆ. ತನ್ನ ಪ್ರಲೋಭನೆಯನ್ನು ತಾನೇ ಗೇಲಿ ಮಾಡುವ ಪಾತ್ರವೊಂದನ್ನು ಮುದ್ದಣ ತನ್ನ ಕೃತಿಯೊಳಗೇ ಕೂರಿಸಿಕೊಂಡನು.

ಕೊನೆಯ ವರ್ಷಗಳು

ಮುದ್ದಣನ ಸಂಸಾರಜೀವನ ದೀರ್ಘವಾಗಲಿಲ್ಲ. ಮಲೆನಾಡಿನ ಕಾಗೆಕೋಡಮಗ್ಗಿಯ ಕಮಲೆಯೊಂದಿಗೆ ಅವನ ವಿವಾಹವಾಗಿತ್ತು, ರಾಧಾಕೃಷ್ಣನೆಂಬ ಮಗನಿದ್ದನು. ಅಲ್ಪವೇತನ, ಶಾಲೆಯ ದುಡಿಮೆ ಮತ್ತು ಬರವಣಿಗೆಗಳ ನಡುವೆ ದೇಹ ಕುಗ್ಗುತ್ತ ಬಂದಿತು. ಕ್ಷಯರೋಗ ಅವನನ್ನು ಆವರಿಸಿತು. ಕ್ಷಯಕ್ಕೆ ಪರಿಣಾಮಕಾರಿಯಾದ ಔಷಧ ದೊರೆಯಲು ಇನ್ನೂ ನಾಲ್ಕು ದಶಕಗಳು ಕಳೆಯಬೇಕಾಗಿದ್ದವು. ಇತರರ ದೇಹಗಳನ್ನು ಬಲಪಡಿಸುವ ವೃತ್ತಿಯವನ ಸ್ವಂತ ದೇಹ ಮೂವತ್ತರ ಹೊತ್ತಿಗೆ ಸೋತಿತು. 1901ರ ಫೆಬ್ರವರಿಯಲ್ಲಿ, 31ನೆಯ ವಯಸ್ಸಿನಲ್ಲಿ, ಮುದ್ದಣ ನಿಧನನಾದನು. 'ಗೋದಾವರಿ' ಎಂಬ ಕಾದಂಬರಿಯ ಯತ್ನ ಅಪೂರ್ಣವಾಗಿ ಉಳಿಯಿತು.

ಈ ಅಪೂರ್ಣ ಯತ್ನಕ್ಕೆ ಒಂದು ಮಹತ್ವವಿದೆ. 1899ರಲ್ಲಿ ಅದೇ ಜಿಲ್ಲೆಯ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾಗಿ ಕನ್ನಡದಲ್ಲಿ ಸಾಮಾಜಿಕ ಕಾದಂಬರಿಯ ಯುಗ ಆರಂಭವಾಗಿತ್ತು. ಮುದ್ದಣನೂ ಆ ದಿಕ್ಕಿನತ್ತ ಕಣ್ಣು ಹಾಯಿಸಿದ್ದನೆಂದರೆ, ಹಳಗನ್ನಡವು ಅವನಿಗೆ ಕೊನೆಯ ಆಶ್ರಯವಾಗಿರದೆ ಒಂದು ಘಟ್ಟವಾಗಿತ್ತೆಂದು ತಿಳಿಯಲು ಅವಕಾಶವಿದೆ.

ಉಪಸಂಹಾರ

ಮುದ್ದಣನ ಬದುಕನ್ನು ವ್ಯವಸ್ಥೆ ಗುರುತಿಸದ ಪ್ರತಿಭೆಯ ಕರುಣಕಥೆಯನ್ನಾಗಿ ಹೇಳುವುದು ಸುಲಭ. ಆ ಕಥೆಯಲ್ಲಿ ಸತ್ಯವೂ ಇದೆ. ಪ್ರಮಾಣಪತ್ರಗಳ ಮೂಲಕ ಮಾತ್ರ ವಿದ್ಯೆಯನ್ನು ಕಾಣಬಲ್ಲ ವ್ಯವಸ್ಥೆ ತನ್ನ ಅಂಗಳದಲ್ಲಿಯೇ ನಿಂತಿದ್ದ ಒಬ್ಬ ಮಹತ್ತ್ವದ ಲೇಖಕನನ್ನು ಕಾಣಲಿಲ್ಲ. ಅವನು ನುಡಿಯಬಹುದಾಗಿದ್ದ ಪಾಠಗಳು ಆ ಶಾಲೆಗಳ ವಿದ್ಯಾರ್ಥಿಗಳಿಗೆ ದೊರೆಯದೆ ಹೋದವು. ಈ ನಷ್ಟವನ್ನು ಕೃತಿಯ ಯಶಸ್ಸಿನಿಂದ ಸರಿದೂಗಿಸಲು ಬರುವುದಿಲ್ಲ. ಒಂಟಿತನವೇ ಕಾವ್ಯವನ್ನು ಹುಟ್ಟಿಸಿತೆಂದು ಅದನ್ನು ಸಮರ್ಥಿಸುವುದೂ ಉಚಿತವಲ್ಲ. ಅದೇ ಬಗೆಯ ಹುದ್ದೆಗಳಲ್ಲಿ ಸವೆದುಹೋದ ಎಷ್ಟೋ ವಿದ್ವಾಂಸರು ಯಾವ ಕೃತಿಯನ್ನೂ ಉಳಿಸದೆ ಮರೆಯಾಗಿದ್ದಾರೆ.

ಮುದ್ದಣನ ವೈಶಿಷ್ಟ್ಯವಿರುವುದು ಬೇರೆ ಕಡೆ. ತನ್ನನ್ನು ಕೇಳುವವರಿಲ್ಲವೆಂಬ ಕೊರತೆಯನ್ನು ಅವನು ದೂರಾಗಿ ಬರೆಯಲಿಲ್ಲ. ಆ ಖಾಲಿ ಸ್ಥಾನದಲ್ಲಿ ತನಗಿಂತ ಚುರುಕಾದ, ತನ್ನನ್ನು ಪ್ರಶ್ನಿಸಬಲ್ಲ, ನಗಬಲ್ಲ ಒಬ್ಬ ಕೇಳುಗಳನ್ನು ಇರಿಸಿ ಅವಳ ಅಪ್ಪಣೆಯಂತೆ ಬರೆದನು. ಹೊಸಗನ್ನಡ ಗದ್ಯವು ಓದುಗನನ್ನು ಸರಿಸಮನೆಂದು ಭಾವಿಸಿ ಮಾತನಾಡಲು ಕಲಿತದ್ದರಲ್ಲಿ ಈ ಕಲ್ಪಿತ ಕೇಳುಗಳ ಪಾಲು ದೊಡ್ಡದು. ಅಂಗಳದ ಶಿಕ್ಷಕನಿಗೆ ದೊರೆಯದ ತರಗತಿ ಅವನ ಮರಣದ ಅನಂತರ ದೊರೆಯಿತು. ಶಾಲಾ ಕಾಲೇಜುಗಳ ಪಠ್ಯಪುಸ್ತಕಗಳ ಮೂಲಕ ತಲೆಮಾರುಗಳ ಕನ್ನಡ ವಿದ್ಯಾರ್ಥಿಗಳು ಮುದ್ದಣ–ಮನೋರಮೆಯರ ಸಲ್ಲಾಪವನ್ನು ಓದಿದ್ದಾರೆ. ಅದನ್ನು ಪಾಠ ಹೇಳುವವರು ಸಲ್ಲಾಪದ ಸೊಗಸಿನೊಂದಿಗೆ ಅದನ್ನು ಬರೆದವನ ಹಗಲಿನ ಕೆಲಸವನ್ನೂ ವಿವರಿಸಿದರೆ, ಮನೋರಮೆಯ ಪ್ರತಿಯೊಂದು ಪ್ರಶ್ನೆಗೂ ಇರುವ ಬೆಲೆ ವಿದ್ಯಾರ್ಥಿಗಳಿಗೆ ಹೆಚ್ಚು ಸ್ಪಷ್ಟವಾಗುತ್ತದೆ.